ಚಿತ್ರದ ಹಿಂಬದಿಯ ನಾಲ್ಕಕ್ಷರ

ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. 1954ನೆಯ ಇಸವಿಯಲ್ಲಿ ನನ್ನ ತಂದೆಯವರು ನೌಕರಿಗೆಂದು ಗದಗಿನಿಂದ ಮುಂಬಯಿಗೆ ಬಂದಾಗ ಹೆಗಲ ಮೇಲೆ ಹೊತ್ತು ತಂದದ್ದು ಇದೇ ಟ್ರಂಕು. ಆಗ ಅದರಲ್ಲಿ ಎರಡು ಧೋತರ, ಅಜ್ಜಿ ಕಟ್ಟಿಕೊಟ್ಟ ಅವಲಕ್ಕಿಯ ಗಂಟು ಮತ್ತು ಒಂದು ಫೋಟೋ ಇದ್ದವಂತೆ. ಧೋತರಗಳು ಹರಿದುಹೋದವು. ಅವಲಕ್ಕಿ ಮೊದಲ ವಾರದಲ್ಲೆ ತೀರಿತು. ಫೋಟೋ ಮಾತ್ರ ಇಂದಿಗೂ ಇದೆ.

ಅದೊಂದು ಮದುವೆಯ ಫೋಟೋ. ಹಂದರದ ಕೆಳಗೆ ಏಳು ಜನ. ಐವರ ಗುರುತು ನನಗೆ ಹತ್ತುತ್ತದೆ: ಅಜ್ಜ, ಅಜ್ಜಿ, ದೊಡ್ಡಪ್ಪ, ಮದುಮಗಳಾದ ಅತ್ತೆ, ಮೀಸೆ ಮೂಡದ ನನ್ನ ತಂದೆ. ಉಳಿದ ಇಬ್ಬರು ಯಾರು? ಎಡತುದಿಯಲ್ಲಿ ಕರಿ ಟೊಪ್ಪಿಗೆಯ ಒಬ್ಬ ತರುಣ ನಗುನಗುತ್ತ ನಿಂತಿದ್ದಾನೆ. ಬಲತುದಿಯಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ನೆಲದ ಮೇಲೆ ಕುಳಿತು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾಳೆ. ಹಿಂಬದಿ ತಿರುಗಿಸಿ ನೋಡಿದರೆ ಫೋಟೋ ತೆಗೆದ ಅಂಗಡಿಯ ಮಸುಕಾದ ರಬ್ಬರು ಮುದ್ರೆ, ಮತ್ತೇನೂ ಇಲ್ಲ. ತಂದೆಯವರನ್ನು ಒಮ್ಮೆ ಕೇಳಿದ್ದೆ. "ನೋಡಿ ಹೇಳತೀನಿ, ಕನ್ನಡಕ ಎಲ್ಲಿ ಇಟ್ಟೆ?" ಎಂದರು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಮಾತು ಅಲ್ಲಿಗೇ ನಿಂತಿತು. ಮತ್ತೆ ಕೇಳಬೇಕೆಂದು ನೆನಪಾಗುವ ಹೊತ್ತಿಗೆ ಉತ್ತರ ಹೇಳುವವರೇ ಇರಲಿಲ್ಲ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ಮನುಷ್ಯ; ಇತಿಹಾಸಜ್ಞನಲ್ಲ. ಐವತ್ತು ವರ್ಷಗಳಿಂದ ಫೋಟೋ ತೆಗೆಯುವ ಗೀಳು ಹಚ್ಚಿಕೊಂಡ ಹವ್ಯಾಸಿ, ಅಷ್ಟೇ. ಈ ವರ್ಷದ ರಾಜ್ಯೋತ್ಸವ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಘದ ಮಿತ್ರರು ಕೇಳಿದಾಗ, ನನ್ನಂಥ ಹವ್ಯಾಸಿಗಳ ಕಥೆಯನ್ನೇ ಏಕೆ ಹೇಳಬಾರದು ಎನ್ನಿಸಿತು. ಆ ಕಥೆಗೂ ಟ್ರಂಕಿನಲ್ಲಿರುವ ಆ ಇಬ್ಬರು ಅಪರಿಚಿತರಿಗೂ ಸಂಬಂಧವಿದೆ. ಅದು ಹೇಗೆಂಬುದನ್ನು ವಾಚಕರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಮೊದಲನೆಯದಾಗಿ, ಛಾಯಾಚಿತ್ರಕಲೆಯನ್ನು ಬೆಳೆಸಿದವರಲ್ಲಿ ಬಹುಮಂದಿ ಅದನ್ನೇ ಉದ್ಯೋಗ ಮಾಡಿಕೊಂಡವರಲ್ಲ. 1839ನೆಯ ಇಸವಿಯ ಆಗಸ್ಟಿನಲ್ಲಿ ದಾಗೆರ್ ಎಂಬವನ ವಿಧಾನವನ್ನು ಪ್ಯಾರಿಸಿನಲ್ಲಿ ಲೋಕಕ್ಕೆ ಸಾರಿದರು. ಬೆಳ್ಳಿ ಲೇಪಿಸಿದ ತಾಮ್ರದ ಹಲಗೆಯ ಮೇಲೆ ಮೂಡುವ ಆ ಚಿತ್ರ ಒಂದೇ ಒಂದು, ಅದಕ್ಕೆ ಪ್ರತಿಯಿಲ್ಲ. ಒಂದು ಚಿತ್ರದಿಂದ ಹತ್ತು ಪ್ರತಿ ತೆಗೆಯುವ ದಾರಿ ತೋರಿಸಿದವನು ಇಂಗ್ಲೆಂಡಿನ ಟಾಲ್ಬಟ್. ಅವನೊಬ್ಬ ಜಮೀನುದಾರ, ವಿದ್ವಾಂಸ. 1833ರಲ್ಲಿ ಇಟಲಿಯ ಕೋಮೋ ಸರೋವರದ ದಂಡೆಯ ಮೇಲೆ ಕುಳಿತು ಆ ನೋಟವನ್ನು ಕೈಯಿಂದ ಬಿಡಿಸಲು ಹೋದ, ಬರಲಿಲ್ಲ. ನನ್ನ ಕೈಗೆ ಬಾರದ್ದನ್ನು ಬೆಳಕೇ ಕಾಗದದ ಮೇಲೆ ಬರೆದರೆ ಹೇಗೆ ಎಂದು ಯೋಚಿಸಿದ. ಇಂದು ನಾವು ನೆಗೆಟಿವ್ ಎನ್ನುವುದು ಆ ಯೋಚನೆಯ ಫಲ. ಅವನ ಕಾಗದದ ವಿಧಾನಕ್ಕೆ 1841ರಲ್ಲಿ ಹಕ್ಕುಪತ್ರ ದೊರೆಯಿತು.

1851ರಲ್ಲಿ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಹರಡಿ ಸ್ವಚ್ಛವಾದ ಚಿತ್ರ ತೆಗೆಯುವ ಬಗೆಯನ್ನು ಪ್ರಕಟಿಸಿದ ಆರ್ಚರ್, ಲಂಡನ್ನಿನಲ್ಲಿ ಮೂರ್ತಿ ಕೆತ್ತುತ್ತಿದ್ದ ಶಿಲ್ಪಿ. ತನ್ನ ಶಿಲ್ಪಕ್ಕೆ ನೆರವಾಗಲೆಂದು ಫೋಟೋ ಕಲಿತವನು. ಅವನು ಹಕ್ಕುಪತ್ರ ತೆಗೆದುಕೊಳ್ಳಲಿಲ್ಲ. ಎಲ್ಲರಿಗೂ ಬಿಟ್ಟುಕೊಟ್ಟು 1857ರಲ್ಲಿ ಬಡತನದಲ್ಲೇ ತೀರಿಕೊಂಡ. ಆ ವಿಧಾನದಲ್ಲಿ ಗಾಜು ಹಸಿಯಾಗಿರುವಾಗಲೇ ಚಿತ್ರ ತೆಗೆದು ತೊಳೆದು ಮುಗಿಸಬೇಕಾಗಿತ್ತು. ಹೋದಲ್ಲೆಲ್ಲ ಕತ್ತಲೆಯ ಡೇರೆಯೂ ಜತೆಗೆ ಬರಬೇಕಾಗಿತ್ತು. ಅದರಲ್ಲಿ ಬಳಸುವ ಈಥರಿನ ಘಾಟು ತಾಳಲಾರದೆ, ಅದಕ್ಕೆ ಬದಲಾಗಿ ಜೆಲಟಿನ್ ಬಳಸಿ ಒಣ ಗಾಜಿನ ದಾರಿಯನ್ನು 1871ರಲ್ಲಿ ತೆರೆದವನು ಮ್ಯಾಡಾಕ್ಸ್ ಎಂಬ ವೈದ್ಯ.

ಅಮೆರಿಕದ ರಾಚೆಸ್ಟರಿನಲ್ಲಿ ಈಸ್ಟ್‌ಮನ್ ಎಂಬ ಬ್ಯಾಂಕಿನ ಗುಮಾಸ್ತನಿದ್ದ. ಬ್ಯಾಂಕಿನ ಗುಮಾಸ್ತನೆಂದ ಕೂಡಲೆ ನನಗೆ ಅವನ ಮೇಲೆ ಸ್ವಜನಪಕ್ಷಪಾತ, ಕ್ಷಮಿಸಬೇಕು. ಪ್ರವಾಸ ಹೋಗಬೇಕೆಂದು ಫೋಟೋ ಸಾಮಗ್ರಿ ಕೊಂಡು ನೋಡಿದರೆ ಅದು ಒಂದು ಕುದುರೆಯ ಹೊರೆ. ಪ್ರವಾಸವನ್ನು ಬಿಟ್ಟ, ಹೊರೆ ಇಳಿಸುವ ಉಪಾಯಕ್ಕೆ ತೊಡಗಿದ. ಹಗಲು ಬ್ಯಾಂಕು, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಪ್ರಯೋಗ. 1888ರಲ್ಲಿ ಅವನ ಕೊಡಕ್ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಬೆಲೆ 25 ಡಾಲರ್; ಒಳಗೆ ನೂರು ಚಿತ್ರಗಳಿಗೆ ಸಾಲುವ ಸುರುಳಿ. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳಿಸಿದರೆ ಚಿತ್ರಗಳೂ ಹೊಸ ಸುರುಳಿ ತುಂಬಿದ ಪೆಟ್ಟಿಗೆಯೂ ಮರಳಿ ಬರುತ್ತಿದ್ದವು. 1900ನೆಯ ಇಸವಿಯಲ್ಲಿ ಬಂದ ಬ್ರೌನಿಗೆ ಬೆಲೆ ಒಂದೇ ಡಾಲರ್. ಮಕ್ಕಳ ಕೈಗೂ ಕ್ಯಾಮೆರಾ ಬಂದದ್ದು ಅಂದಿನಿಂದ.

ಜರ್ಮನಿಯ ವೆಟ್ಸ್‌ಲಾರಿನಲ್ಲಿ ಸೂಕ್ಷ್ಮದರ್ಶಕ ತಯಾರಿಸುವ ಕಾರ್ಖಾನೆಯ ನೌಕರ ಬಾರ್ನಾಕ್ ಉಬ್ಬಸದ ರೋಗಿ. ಗುಡ್ಡ ಹತ್ತುವಾಗ ಭಾರದ ಕ್ಯಾಮೆರಾ ಹೊರಲಾರದೆ, ಸಿನೆಮಾ ಫಿಲ್ಮನ್ನೇ ಬಳಸುವ ಅಂಗೈಯಗಲದ ಕ್ಯಾಮೆರಾ ಒಂದನ್ನು ತನಗಾಗಿ ಮಾಡಿಕೊಂಡ. 1925ರಲ್ಲಿ ಅದೇ ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದು ಪತ್ರಿಕೆಗಳ ಫೋಟೋಗಾರಿಕೆಯನ್ನೇ ಬದಲಾಯಿಸಿತು. ಚಿತ್ರ ಬಿಡಿಸಲು ಬಾರದವನು, ಘಾಟು ತಾಳಲಾರದವನು, ಹೊರೆ ಹೊರಲಾರದವನು: ಇಂಥವರ ಸಣ್ಣಪುಟ್ಟ ಸ್ವಂತ ತೊಂದರೆಗಳಿಂದಲೇ ಈ ವಿದ್ಯೆ ಹೆಜ್ಜೆಹೆಜ್ಜೆಗೂ ಮುಂದುವರಿಯಿತು ಎಂಬುದು ನನ್ನಂಥವರಿಗೆ ಸಮಾಧಾನ ಕೊಡುವ ಸಂಗತಿ.

ನಮ್ಮ ದೇಶಕ್ಕೆ ಈ ವಿದ್ಯೆ ತಡಮಾಡದೆ ಬಂತು. ನಾವು ವಾಸವಾಗಿರುವ ಈ ಮುಂಬಯಿಯಲ್ಲೇ 1854ರಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಎರಡು ವರ್ಷಗಳ ಅನಂತರ ಕಲ್ಕತ್ತೆ, ಮದ್ರಾಸುಗಳಲ್ಲಿಯೂ ಅಂಥ ಸಂಘಗಳಾದವು. ಮುಂಬಯಿಯ ಸಂಘದಲ್ಲಿ ಆಂಗ್ಲರ ಜತೆಗೆ ಡಾಕ್ಟರ್ ನಾರಾಯಣ ದಾಜಿಯವರಂಥ ಭಾರತೀಯರೂ ಇದ್ದರು. ವೈದ್ಯ ವೃತ್ತಿಯ ನಾರಾಯಣರು, ಪ್ರಸಿದ್ಧ ವಿದ್ವಾಂಸ ಭಾವು ದಾಜಿಯವರ ತಮ್ಮಂದಿರು.

ಇನ್ನು ಕನ್ನಡ ನಾಡಿನ ಕಡೆಗೆ ತಿರುಗೋಣ. 1854ರ ಡಿಸೆಂಬರಿನಲ್ಲಿ ಮದ್ರಾಸು ಸೈನ್ಯದ ಅಧಿಕಾರಿ ಲಿನೀಯಸ್ ಟ್ರೈಪ್ ಎಂಬವನು ರಜೆಯ ಮೇಲಿದ್ದಾಗ ಡಾಕ್ಟರ್ ನೀಲ್ ಎಂಬವನನ್ನು ಕೂಡಿಕೊಂಡು ಹಳೇಬೀಡು, ಬೇಲೂರುಗಳಿಗೆ ಹೋದ. ಸರಕಾರದ ಅಪ್ಪಣೆಯಿಂದಲ್ಲ, ಸ್ವಂತ ಆಸೆಯಿಂದ. ಅವನು ತೆಗೆದ ದೇವಾಲಯದ ಚಿತ್ರಗಳು ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಪದಕ ಪಡೆದವು. ಅತ್ತ ಮುಂಬಯಿ ಸರಕಾರ ತನ್ನ ಆಡಳಿತದ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ನೇಮಿಸಿತು. ಅವನು ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿದ. ಅವನನ್ನು ಸೈನ್ಯ ಹಿಂದಕ್ಕೆ ಕರೆದುಕೊಂಡಾಗ ಪಿಗೂ ಎಂಬ ವೈದ್ಯ ಆ ಕೆಲಸವನ್ನು ಮುಂದುವರಿಸಿದ.

ಅಂದಿನ ಶ್ರಮವನ್ನು ಇಂದು ಊಹಿಸುವುದೂ ಕಷ್ಟ. ಒಳ್ಳೆಯ ಕಾಗದಕ್ಕೆ ಬೆಳ್ಳಿಯ ಲವಣಗಳನ್ನು ಹಚ್ಚಿ ಕತ್ತಲೆಯಲ್ಲಿ ಒಣಗಿಸಬೇಕು. ಮೇಜಿನಗಲದ ಮರದ ಕ್ಯಾಮೆರಾವನ್ನು ಎತ್ತಿನ ಗಾಡಿಯ ಮೇಲೆ ಸಾಗಿಸಬೇಕು. ಬಾಯಿ ತೆರೆದ ಮಸೂರದ ಮುಂದೆ ನಿಮಿಷಗಟ್ಟಲೆ ಕಾಯಬೇಕು. ಆಗ ಗಾಳಿಗೆ ಮರದ ಎಲೆ ಅಲುಗಿದರೆ ಎಲೆಯ ಜಾಗದಲ್ಲಿ ಮಬ್ಬು. ಬಳಿಕ ತೊಳೆದು, ಬೆಳಕು ಹಾಯಲೆಂದು ಕಾಗದಕ್ಕೆ ಮೇಣ ತುಂಬಿ, ಅದರಡಿ ಬೇರೆ ಕಾಗದವಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರದ ಪ್ರತಿ. ಮೊದಲೇ ಮೇಣ ತುಂಬಿದ ಕಾಗದವನ್ನು ಬಳಸುವ ಇನ್ನೊಂದು ಪದ್ಧತಿಯೂ ಇತ್ತು. ಸಿದ್ಧಪಡಿಸಿದ ಆ ಕಾಗದ ಕೆಲವು ದಿನ ಕೆಡದೆ ಉಳಿಯುತ್ತಿದ್ದುದರಿಂದ ನಮ್ಮ ಸೆಕೆಯ ನಾಡಿನಲ್ಲಿ ದೂರ ತಿರುಗುವವರಿಗೆ ಅದೇ ಅನುಕೂಲ.

ಈ ಮೇಣದ ಕಾಗದವನ್ನು ಹಿಡಿದೇ 1856ರಲ್ಲಿ ಗ್ರೀನ್‌ಲಾ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಹಂಪಿಗೆ ಹೋದ. ಅವನ ನೆಗೆಟಿವ್‌ಗಳು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, 1980ರ ದಶಕದಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುವ ಸಂಗತಿಗಳು ಹಲವು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಾವೆಲ್ಲರೂ ಬಲ್ಲೆವು. ಐವತ್ತು ರೂಪಾಯಿಯ ನೋಟಿನ ಮೇಲೆಯೂ ಅದಿದೆ. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಇಂದು ಅದಿಲ್ಲ. ಶಿಖರ ಹೋಯಿತು; ಶಿಖರವಿತ್ತೆಂಬ ಸಾಕ್ಷಿ ಒಂದು ಮೇಣದ ಕಾಗದದಲ್ಲಿ ಉಳಿಯಿತು.

ರಾಜ್ಯೋತ್ಸವದ ದಿನ ನೆನೆಯಬೇಕಾದ ಇನ್ನೊಂದು ಸಂಗತಿ ಇಲ್ಲಿದೆ. ಪಿಗೂ, ನೀಲ್, ಬಿಗ್ಸ್ ಮೂವರ ಚಿತ್ರಗಳನ್ನು ಒಟ್ಟುಗೂಡಿಸಿ 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದವರು ಒಂದು ದೊಡ್ಡ ಪುಸ್ತಕ ಹೊರತಂದರು. ಅದಕ್ಕೆ ಇತಿಹಾಸದ ವಿವರಣೆ ಬರೆದವರು, ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್. ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್ ಅವರದು. ಪುಸ್ತಕದ ಹೆಸರು 'ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪ' ಎಂಬ ಅರ್ಥದ್ದು. ಆಗ ಧಾರವಾಡ ಮುಂಬಯಿ ಆಧಿಪತ್ಯದಲ್ಲಿತ್ತು, ಮೈಸೂರು ಆಂಗ್ಲ ಕಮಿಷನರರ ಕೈಯಲ್ಲಿ, ಬಳ್ಳಾರಿ ಮದ್ರಾಸಿಗೆ, ಕಲಬುರ್ಗಿ ರಾಯಚೂರುಗಳು ನಿಜಾಮರಿಗೆ. ಒಂದೇ ಮಾತನಾಡುವ ಜನ ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ, ಧಾರವಾಡವೂ ಮೈಸೂರೂ ಒಂದೇ ರಟ್ಟಿನ ನಡುವೆ ಪಕ್ಕಪಕ್ಕದಲ್ಲಿ ಕುಳಿತವು. ಅದು ಏಕೀಕರಣಕ್ಕೆ ಸರಿಯಾಗಿ ತೊಂಬತ್ತು ವರ್ಷ ಮೊದಲು. ಆ ವಿದೇಶೀಯರಿಗೆ ಕರ್ನಾಟಕದ ಕನಸೇನೂ ಇರಲಿಲ್ಲ. ಕಲ್ಲಿನ ಕೆಲಸ ಒಂದೇ ಕುಲದ್ದೆಂದು ಕಣ್ಣಿಗೆ ಕಂಡಿತು, ಕೂಡಿಸಿದರು.

ಆದರೆ ಒಂದು ಕೊರತೆಯನ್ನೂ ಹೇಳಬೇಕು. ಆ ಕಾಲದ ಕಟ್ಟಡಗಳ ಚಿತ್ರಗಳಲ್ಲಿ ಎತ್ತರದ ಅಂದಾಜು ಸಿಗಲೆಂದು ಕಂಬದ ಪಕ್ಕಕ್ಕೆ ಒಬ್ಬ ಮನುಷ್ಯನನ್ನು ನಿಲ್ಲಿಸುವ ರೂಢಿಯಿತ್ತು. ನಮ್ಮವನೇ ಯಾರೋ ಒಬ್ಬ, ತಲೆಗೆ ರುಮಾಲು ಸುತ್ತಿಕೊಂಡು, ಅಲುಗಬೇಡ ಎಂದಿದ್ದರಿಂದ ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ದೇವಾಲಯದ ಹೆಸರನ್ನು ಬರೆದಿಟ್ಟರು. ಊರಿನ ಹೆಸರನ್ನೂ, ತಪ್ಪು ಕಾಗುಣಿತದಲ್ಲಿಯಾದರೂ, ಬರೆದರು. ಅಳತೆಗೋಲಾಗಿ ನಿಂತ ಆ ಮನುಷ್ಯನ ಹೆಸರು ಬೇಕೆಂದು ಯಾರಿಗೂ ತೋರಲಿಲ್ಲ. ಅವನ ಮೊಮ್ಮಕ್ಕಳ ಮೊಮ್ಮಕ್ಕಳು ಈ ಊರಿನಲ್ಲೇ ನಮ್ಮ ನಿಮ್ಮ ನೆರೆಮನೆಯಲ್ಲಿ ಇರಬಹುದು. ಚಿತ್ರವನ್ನು ಕಂಡರೂ ಇವರು ನಮ್ಮವರೆಂದು ಅವರಿಗೆ ತಿಳಿಯುವುದು ಸಾಧ್ಯವಿಲ್ಲ.

ತರುವಾಯ ಬಂದದ್ದು ಸ್ಟುಡಿಯೋಗಳ ಕಾಲ. ಹೈದರಾಬಾದಿನ ಕನ್ನಡಿಗರಿಗೆ ಪರಿಚಿತವಾದ ಹೆಸರು ರಾಜಾ ದೀನದಯಾಳರದು. ಇಂದೂರಿನ ಲೋಕೋಪಯೋಗಿ ಖಾತೆಯಲ್ಲಿ ನಕ್ಷೆ ಬರೆಯುವ ನೌಕರಿಯಲ್ಲಿದ್ದಾಗ ಹವ್ಯಾಸವಾಗಿ ಕ್ಯಾಮೆರಾ ಹಿಡಿದ ಅವರು ಕೊನೆಗೆ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾದರು. ರಾಜರು ದರ್ಬಾರಿನ ಚಿತ್ರ ತೆಗೆಸಿದರೆ, ನಮ್ಮಂಥವರ ಮನೆಗಳಲ್ಲಿ ಮದುವೆಗೊಂದು ಚಿತ್ರ. ಹೆಚ್ಚೆಂದರೆ ಮಗು ಹುಟ್ಟಿದಾಗ ಇನ್ನೊಂದು. ನಮ್ಮ ಟ್ರಂಕಿನ ಫೋಟೋ ಆ ಕಾಲದ ಕೂಸು. ಅದು ಎಲ್ಲರಿಗೂ ಗೊತ್ತಿರುವವರ ಚಿತ್ರ. ಹೆಸರು ಬರೆಯುವ ಅಗತ್ಯವೇನು ಎಂದು ಅಂದು ತೋರಿರಬೇಕು.

1970ರ ಸುಮಾರಿಗೆ ತಂದೆಯವರು ದೀಪಾವಳಿಯ ಬೋನಸಿನಲ್ಲಿ ಒಂದು ಆಗ್ಫಾ ಕ್ಲಿಕ್ ಮೂರು ಕ್ಯಾಮೆರಾ ಕೊಂಡರು. ಆ ಕಾಲದ ಹಲವು ಮನೆಗಳಲ್ಲಿ ಅದಿತ್ತು, ಬಡೋದೆಯಲ್ಲಿ ತಯಾರಾಗುತ್ತಿತ್ತು. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಅಷ್ಟು ಸರಿಪಡಿಸಿ ಒತ್ತಿದರೆ ಆಯಿತು. ಫಿಲ್ಮಿಗಾಗಿ ವಿದೇಶವನ್ನೇ ನೆಚ್ಚಬಾರದೆಂದು ಊಟಿಯಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ಉತ್ಪಾದನೆ ಆರಂಭಿಸಿತ್ತು. 'ಇಂದು' ಎಂಬ ಚೆಲುವಾದ ಹೆಸರಿನ ಅದರ ಕಪ್ಪುಬಿಳುಪು ಫಿಲ್ಮ್ ನಮಗೆ ದೊರೆಯುತ್ತಿತ್ತು.

ಫಿಲ್ಮನ್ನು ಅಂಗಡಿಯಲ್ಲಿ ತೊಳೆಸಿದರೂ ಪ್ರಿಂಟು ಹಾಕುವುದು ಮನೆಯಲ್ಲೇ. ಮನೆಯೆಂದರೆ ಪರಳದ ಚಾಳಿನ ಒಂದೂವರೆ ಕೋಣೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಯ ಮೂಲೆಗೆ ಕಂಬಳಿ ಇಳಿಬಿಟ್ಟು ಕೆಂಪು ದೀಪ ಹಚ್ಚುತ್ತಿದ್ದೆವು. ನೆಗೆಟಿವಿನ ಕೆಳಗೆ ಬ್ರೋಮೈಡ್ ಕಾಗದ ಒತ್ತಿ ಬಿಳಿ ದೀಪವನ್ನು ಎರಡು ಎಣಿಸುವಷ್ಟು ಹೊತ್ತು ಹಾಕಿ ಆರಿಸಿ, ಔಷಧದ ತಟ್ಟೆಯಲ್ಲಿ ಕಾಗದವನ್ನು ಅದ್ದಿದರೆ, ಬಿಳಿಯ ಮೇಲೆ ಮೆಲ್ಲಗೆ ಅಮ್ಮನ ಮುಖ ಮೂಡುತ್ತಿತ್ತು. ಆ ಬೆರಗನ್ನು ನಾನು ಇನ್ನೂ ಮರೆತಿಲ್ಲ. ಆಮೇಲೆ ಹೈಪೋದ ತಟ್ಟೆ. ಆಮೇಲೆ ತುಂಬ ನೀರಿನಲ್ಲಿ ತೊಳೆಯುವ ಕೆಲಸ. ಹೈಪೋ ಉಳಿದರೆ ಕೆಲವೇ ವರ್ಷಗಳಲ್ಲಿ ಚಿತ್ರ ಹಳದಿಯಾಗುತ್ತದೆ. ಚಾಳಿನ ನಲ್ಲಿಗೆ ನೀರು ಬರುವುದು ಬೆಳಗಿನ ಜಾವ. ಆದ್ದರಿಂದ ನಮ್ಮ ಛಾಯಾಚಿತ್ರಕಲೆಯ ಮುಹೂರ್ತವನ್ನು ನಿಶ್ಚಯಿಸುತ್ತಿದ್ದುದು ನಲ್ಲಿ. ನೆರೆಯ ಮೌಶಿ ಕೊಡ ಹಿಡಿದು ನಿಂತು ಗೊಣಗುವುದರೊಳಗೆ ಹನ್ನೆರಡೂ ಚಿತ್ರ ತೊಳೆದು ಮುಗಿಯಬೇಕು!

ತಂದೆಯವರಿಗೆ ಒಂದು ಪದ್ಧತಿಯಿತ್ತು. ಕಚೇರಿಯ ಹಳೆಯ ನೋಟುಬುಕ್ಕಿನಲ್ಲಿ ಪ್ರತಿಯೊಂದು ರೋಲಿಗೂ ಒಂದು ಪುಟ. ಚಿತ್ರದ ಸಂಖ್ಯೆ, ತಾರೀಖು, ಸ್ಥಳ, ಯಾರು ಯಾರು, ಬಿಸಿಲೊ ಮೋಡವೊ. ಪ್ರಿಂಟು ಒಣಗಿದ ಮೇಲೆ ಅದರ ಹಿಂಬದಿಗೂ ಪೆನ್ಸಿಲಿನಿಂದ ಅಷ್ಟನ್ನೇ ಬರೆಯುತ್ತಿದ್ದರು. ಇದೇಕೆ ಎಂದು ಕೇಳಿದರೆ, "ಗುಮಾಸ್ತನ ಚಾಳಿ" ಎಂದು ನಗುತ್ತಿದ್ದರು. ಆ ಚಾಳಿಯ ಪುಣ್ಯದಿಂದ, 1970ರಿಂದ ಈಚೆಗೆ ನಮ್ಮ ಮನೆಯಲ್ಲಿ ಅಪರಿಚಿತರಿಲ್ಲ.

ಕಾರ್ಖಾನೆಯವರಿಗೂ ಒಮ್ಮೆ ಇದೇ ಬುದ್ಧಿ ಹೊಳೆದಿತ್ತೆಂದು ಬಹಳ ತಡವಾಗಿ ಓದಿ ತಿಳಿದೆ. 1914ರಲ್ಲಿ ಕೊಡಕ್ ಕಂಪನಿ ಬೆನ್ನಿನಲ್ಲಿ ಒಂದು ಸಣ್ಣ ಕಿಂಡಿಯಿರುವ ಕ್ಯಾಮೆರಾಗಳನ್ನು ಹೊರಡಿಸಿತು. ಚಿತ್ರ ತೆಗೆದ ಒಡನೆ ಕಿಂಡಿ ತೆರೆದು ಲೋಹದ ಕಡ್ಡಿಯಿಂದ ಹೆಸರು, ತಾರೀಖು ಬರೆದರೆ, ಎರಡು ಚಿತ್ರಗಳ ನಡುವಣ ಅಂಚಿನಲ್ಲಿ ಅದು ಫಿಲ್ಮಿನ ಮೇಲೆಯೇ ಮೂಡುತ್ತಿತ್ತು. ಈ ಉಪಾಯ ಕಂಡುಹಿಡಿದ ಗೈಸ್‌ಮನ್ ಎಂಬವನಿಗೆ ಕಂಪನಿ ಮೂರು ಲಕ್ಷ ಡಾಲರ್ ಕೊಟ್ಟಿತಂತೆ. ಇಷ್ಟು ಮಾಡಿದರೂ ಬರೆಯುವ ಅಭ್ಯಾಸ ಜನರಲ್ಲಿ ಅಷ್ಟಾಗಿ ಬೇರೂರಲಿಲ್ಲ. 1930ರ ದಶಕದಲ್ಲಿ ಆ ಕಿಂಡಿ ಮುಚ್ಚಿತು. ಯಂತ್ರ ಅವಕಾಶ ಕೊಡಬಲ್ಲದು, ಮನಸ್ಸು ಕೊಡಲಾರದು.

ನಮ್ಮ ನಾಡಿನ ದೊಡ್ಡ ಛಾಯಾಗ್ರಾಹಕರಲ್ಲಿಯೂ ಕ್ಯಾಮೆರಾ ಹಿಡಿದ ಕೈ ಲೇಖನಿ ಹಿಡಿದದ್ದುಂಟು. ಬೆಂಗಳೂರಿನ ಡಾಕ್ಟರ್ ಜಿ. ಥಾಮಸ್ ಅವರು 1953ರಲ್ಲಿ ಭಾರತದ ಫೋಟೋ ಸಂಘಗಳ ಒಕ್ಕೂಟವನ್ನು ಕಟ್ಟಿದರು. ಮೈಸೂರಿನ ಟಿ. ಎಸ್. ಸತ್ಯನ್ ಸಾಮಾನ್ಯ ಜನರ ದಿನನಿತ್ಯದ ಬಾಳನ್ನು ಚಿತ್ರಿಸಿ ಪದ್ಮಶ್ರೀ ಪಡೆದರು. 'ಕಾಲಕ್ಕೆ ಕನ್ನಡಿ' ಎಂಬ ಅವರ ಪುಸ್ತಕದ ಹೆಸರೇ ಈ ವಿದ್ಯೆಗೆ ಒಂದು ವ್ಯಾಖ್ಯೆಯಂತಿದೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರ ತೆಗೆದರು. ಅಷ್ಟಕ್ಕೇ ನಿಲ್ಲದೆ ಆ ಹಕ್ಕಿಗಳನ್ನು ಕನ್ನಡದ ಓದುಗರಿಗೆ ಹೆಸರು ಹಿಡಿದು ಪರಿಚಯಿಸಿದರು. ಗಣಕದಲ್ಲಿ ಕನ್ನಡ ಸರಿಯಾಗಿ ಮೂಡಬೇಕೆಂದು ಕಳಕಳಿಪಟ್ಟವರಲ್ಲಿಯೂ ಅವರು ಒಬ್ಬರು.

ಗಣಕದ ಮಾತು ಬಂದದ್ದರಿಂದ ಫಿಲ್ಮಿನ ಅಂತ್ಯವನ್ನೂ ಹೇಳಿಬಿಡುತ್ತೇನೆ. 1975ರಲ್ಲಿ ಕೊಡಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸಾಸನ್ ಫಿಲ್ಮಿಲ್ಲದ ಕ್ಯಾಮೆರಾ ಒಂದನ್ನು ಜೋಡಿಸಿದ. ತೂಕ ಮೂರೂವರೆ ಕಿಲೋಗ್ರಾಮಿಗೂ ಹೆಚ್ಚು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆದುಕೊಳ್ಳಲು 23 ಸೆಕೆಂಡು; ಚಿತ್ರದಲ್ಲಿ ಒಟ್ಟು ಹತ್ತು ಸಾವಿರ ಚುಕ್ಕೆ. ತನ್ನ ಮನೆಯಲ್ಲೇ ಹುಟ್ಟಿದ ಆ ಕೂಸನ್ನು ಕಂಪನಿ ಸಕಾಲಕ್ಕೆ ಎತ್ತಿಕೊಳ್ಳಲಿಲ್ಲ; 2012ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಊಟಿಯ ಕಾರ್ಖಾನೆಯೂ ಮುಚ್ಚಿತು. ಈಗ ಕ್ಯಾಮೆರಾ ದೂರವಾಣಿಯೊಳಗೆ ಸೇರಿಕೊಂಡು ಎಲ್ಲರ ಕಿಸೆಯಲ್ಲಿದೆ. ಹಿಂದೆ ವರ್ಷಕ್ಕೆ ಮೂರು ರೋಲು, ಅಂದರೆ ಮೂವತ್ತಾರು ಚಿತ್ರ ತೆಗೆಯುತ್ತಿದ್ದ ಮನೆಯಲ್ಲಿ ನನ್ನ ಮೊಮ್ಮಗಳು ಒಂದು ಹುಟ್ಟುಹಬ್ಬದ ಸಂಜೆ ಇನ್ನೂರು ತೆಗೆಯುತ್ತಾಳೆ.

ಈ ಹೊಸ ಯಂತ್ರ ಪ್ರತಿಯೊಂದು ಚಿತ್ರದ ಒಳಗೂ ದಿನ, ಗಂಟೆ, ನಿಮಿಷಗಳನ್ನು ತಾನೇ ಬರೆದುಕೊಳ್ಳುತ್ತದೆ. ಅಪ್ಪಣೆ ಕೊಟ್ಟರೆ ಅಕ್ಷಾಂಶ ರೇಖಾಂಶಗಳನ್ನೂ ಬರೆಯುತ್ತದೆ. ತಂದೆಯವರ ನೋಟುಬುಕ್ಕಿನ ಮುಕ್ಕಾಲು ಕೆಲಸ ಆಯಿತಲ್ಲ ಎಂದು ನಾನು ಮೊದಲು ಹಿಗ್ಗಿದೆ. ಆದರೆ ಸಂದೇಶಗಳ ಮೂಲಕ ಚಿತ್ರ ಮನೆಯಿಂದ ಮನೆಗೆ ಹಾರುವಾಗ ಆ ಬರಹ ಎಷ್ಟೋ ವೇಳೆ ದಾರಿಯಲ್ಲೇ ಉದುರಿಹೋಗುತ್ತದೆ. ಉಳಿದ ಕಾಲು ಭಾಗವೋ, ಅಂದರೆ ಇವರು ಯಾರು, ನಮಗೆ ಏನಾಗಬೇಕು, ಅಂದು ಏಕೆ ಸೇರಿದ್ದರು ಎಂಬುದು, ಯಂತ್ರಕ್ಕೆ ಮೊದಲಿನಿಂದಲೂ ತಿಳಿಯದು. ಎರಡು ಚಿತ್ರಗಳಲ್ಲಿರುವುದು ಒಂದೇ ಮುಖವೆಂದು ಅದು ಗುರುತಿಸಬಲ್ಲದು. ಗುರುತಿಸಿ, ಹೆಸರೇನೆಂದು ನಮ್ಮನ್ನೇ ಕೇಳುತ್ತದೆ.

ಹೆಸರನ್ನು ಕನ್ನಡದಲ್ಲೇ ಬರೆಯಬಹುದಾದದ್ದು ಮಾತ್ರ ಸಣ್ಣ ಸಂಗತಿಯಲ್ಲ. ಅದರ ಹಿಂದೆಯೂ ಆಸಕ್ತರ ದುಡಿಮೆಯಿದೆ, ಮುಂಬಯಿಯ ನೀರು ಕುಡಿದವರ ಪಾಲಿದೆ. ಈ ನಗರದಲ್ಲಿ ಕೆಲಸ ಮಾಡಿದ ಕಿನ್ನಿಕಂಬಳ ಪದ್ಮನಾಭ ರಾಯರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡದ ಇಡೀ ಕಾಗುಣಿತ ಹೊಂದುವಂತೆ ವಿನ್ಯಾಸ ಮಾಡಿದರು. ಇಂದಿನ 'ನುಡಿ'ಯ ಕೀಲಿಮಣೆಗೆ ಮೂಲ ಅದೇ. ಇಲ್ಲಿಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾಕ್ಟರ್ ಯು. ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ'ವನ್ನು ಆರಂಭಿಸಿ ಅಂತರಜಾಲದಲ್ಲಿ ಕನ್ನಡಕ್ಕೆ ಬಾಗಿಲು ತೆರೆದರು. ಮುಂದೆ ಯುನಿಕೋಡ್ ಎಲ್ಲೆಡೆಗೂ ಹರಡಿ, ಇಲ್ಲಿ ಬರೆದ ಅಕ್ಷರ ಅಮೆರಿಕದಲ್ಲಿಯೂ ಹಾಗೆಯೇ ಕಾಣುವಂತಾಯಿತು. ಆಗ ಎಷ್ಟೋ ಮಂದಿ ಹವ್ಯಾಸಿಗಳು ಬ್ಲಾಗು ಎಂಬ ಬಯಲು ದಿನಚರಿಗಳನ್ನು ಬರೆಯತೊಡಗಿದರು, ನಾನೂ ಬರೆದೆ. ಊರಿನ ಜಾತ್ರೆ, ಚಾಳಿನ ಗಣಪತಿ, ಹಳೆಯ ಕ್ಯಾಮೆರಾದ ದುರಸ್ತಿ ಎಂದು ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಅವುಗಳ ಕಥೆಯೊಂದಿಗೆ ಅಲ್ಲಿಟ್ಟಿದ್ದೆ. ಒಂದು ದಿನ ಆ ಜಾಗವನ್ನು ಪುಕ್ಕಟೆಯಾಗಿ ಕೊಟ್ಟಿದ್ದ ಸಂಸ್ಥೆ ತನ್ನ ಅಂಗಡಿ ಮುಚ್ಚಿತು. ಮುನ್ಸೂಚನೆ ಕಳಿಸಿದ್ದರಂತೆ, ನಾನು ನೋಡಿರಲಿಲ್ಲ. ಏಳು ವರ್ಷದ ಬರಹ ಹೋಯಿತು. ತಂದೆಯವರ ಪೆನ್ಸಿಲಿನ ಬರಹ ಟ್ರಂಕಿನಲ್ಲಿ ಹಾಗೆಯೇ ಇದೆ.

ಇದರಿಂದ ಹೊಸದೆಲ್ಲ ಕೆಟ್ಟದ್ದೆಂದು ನಾನು ವಾದಿಸುತ್ತಿಲ್ಲ. ಹೊಸ ಯಂತ್ರ ನನಗೂ ಪ್ರಿಯ. ನನ್ನ ವಿನಂತಿ ಇಷ್ಟೇ. ನಾವು ಊರು ಬಿಟ್ಟು ಬಂದವರು. ಊರಿನಲ್ಲೇ ಉಳಿದವರಿಗೆ ಗೋಡೆ, ಗಿಡ, ನೆರೆಯ ಮುದುಕಿ ಯಾರಾದರೂ ನೆನಪು ಹೇಳಿಯಾರು. ಇಲ್ಲಿ ನಮ್ಮ ಮಕ್ಕಳಿಗೆ ಹೇಳುವವರು ನಾವೇ. ನಾವು ಹೋದಮೇಲೆ ಆ ಚಿತ್ರಗಳೇ. ಹೆಸರಿಲ್ಲದಿದ್ದರೆ ಅವು ಯಾರದೋ ಚಿತ್ರಗಳು. ಈ ವರ್ಷ ಮನೆಯ ಹಿರಿಯರನ್ನು ಕೂಡಿಸಿಕೊಂಡು ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆಗೆಯಿರಿ. ಎಡದಿಂದ ಬಲಕ್ಕೆ ಹೆಸರು, ಊರು, ವರ್ಷ, ಸಂದರ್ಭ ಬರೆಯಿರಿ. ಮೃದು ಪೆನ್ಸಿಲು ಲೇಸು. ಶಾಯಿ ಮುಂಬದಿಗೆ ಇಳಿಯುತ್ತದೆ. ಈಚಿನ ನುಣುಪು ಕಾಗದಕ್ಕೆ ಪೆನ್ಸಿಲು ಹತ್ತದು. ಅಂಥವನ್ನು ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ ಬರೆಯಬಹುದು. ದೂರವಾಣಿಯಲ್ಲಿರುವ ಸಾವಿರಾರು ಚಿತ್ರಗಳಲ್ಲಿ ವರ್ಷಕ್ಕೆ ಹನ್ನೆರಡನ್ನು, ಒಂದು ರೋಲಿನಷ್ಟನ್ನು, ಆರಿಸಿ ಕಾಗದಕ್ಕಿಳಿಸಿ ಹೆಸರು ಬರೆದಿಡಿ. ಬರಹ ಕನ್ನಡದಲ್ಲಿರಲಿ. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದು ಎನ್ನುವಿರಾ? ಅಜ್ಜಿಯ ಹೆಸರನ್ನು ಓದುವುದಕ್ಕಾಗಿಯಾದರೂ ಅವರು ನಾಲ್ಕಕ್ಷರ ಕಲಿತಾರು.

ಕೊನೆಗೆ ಆ ಇಬ್ಬರು ಅಪರಿಚಿತರ ವಿಷಯ. ಕಳೆದ ಯುಗಾದಿಯಲ್ಲಿ ಊರಿನಲ್ಲಿರುವ ದೂರದ ಸಂಬಂಧದ ಅತ್ತೆಯೊಬ್ಬರಿಗೆ, ಎಂಬತ್ತೈದು ದಾಟಿದವರು, ಆ ಚಿತ್ರವನ್ನು ದೂರವಾಣಿಯಲ್ಲಿ ಕಳಿಸಿದೆ. ಅವರ ಮೊಮ್ಮಗ ಅದನ್ನು ಹಿಗ್ಗಿಸಿ ತೋರಿಸಿದನಂತೆ. ಅರ್ಧ ಗಂಟೆಯೊಳಗೆ ಅವರ ದನಿ ಬಂತು: "ಏ ತಮ್ಮಾ, ಬಲಕ್ಕ ಕುಂತಾಕಿ ನಾನ ಅಲ್ಲೇನೋ! ಆ ಪರಕಾರ ನನಗ ನೆನಪೈತಿ." ಎಡಗಡೆಯ ತರುಣ ಯಾರೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂವ ಹುಬ್ಬಳ್ಳಿಯಿಂದ ಬಂದಿದ್ದ. ಚಲೋ ಹಾಡತಿದ್ದ. ಹೆಸರು ಮರತೀನೊ ತಮ್ಮಾ" ಎಂದರು.

ಅಂದೇ ರಾತ್ರಿ ಟ್ರಂಕು ತೆರೆದು ಫೋಟೋದ ಹಿಂಬದಿಗೆ ಆರು ಹೆಸರುಗಳನ್ನು ಪೆನ್ಸಿಲಿನಿಂದ ಬರೆದೆ. ಎಡತುದಿಯವರ ಜಾಗದಲ್ಲಿ ಬರೆದದ್ದು ಇಷ್ಟು: "ಹುಬ್ಬಳ್ಳಿಯವರು. ಚೆನ್ನಾಗಿ ಹಾಡುತ್ತಿದ್ದರು." ಹೆಸರಿಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ.